ಮೆಟ್ಟಿಲ ಮೇಲೆ ಬಿಟ್ಟುಹೋದ ಊಟದ ಡಬ್ಬಿ

ಬೀದಿಯ ತಲೆಗಳೆಲ್ಲ ಕತ್ತರಿ ಮಾವನ ಕೈಗೆ ಸಿಗುತ್ತಿದ್ದವು, ಒಂದು ತಲೆ ಬಿಟ್ಟು. ಅದು ಅವನ ಸ್ವಂತ ಮಗನದು.

ಮಾವನ ಕಟಿಂಗ್ ಅಂಗಡಿ ಚಿಕ್ಕದು. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಕಾಯುವವರಿಗೊಂದು ಬೆಂಚು. ಮೂಲೆಯಲ್ಲಿ ಗೋಡೆಗೆ ಒರಗಿಸಿದ ಮರದ ಹಲಗೆ. ಪುಟ್ಟ ಮಕ್ಕಳು ಬಂದರೆ ಕುರ್ಚಿಯ ಎರಡು ಕೈಗಳ ಮೇಲೆ ಆ ಹಲಗೆ ಇಟ್ಟು, ಅದರ ಮೇಲೆ ಕೂರಿಸಿ ಕೂದಲು ಕತ್ತರಿಸಬೇಕು. ಮಗ ಮೊದಲು ಕೂತದ್ದೂ ಅದರ ಮೇಲೆಯೇ. ಕತ್ತಿನ ಹತ್ತಿರ ಮಷೀನು ಬಂದರೆ ಸಾಕು, ಕಚಗುಳಿಗೆ ಕೇಕೆ ಹಾಕಿ ನಗುತ್ತಿದ್ದ. ಈಗಲೂ ಯಾರ ಮಗುವನ್ನು ಅಲ್ಲಿ ಕೂರಿಸಿದರೂ ಮಾವನ ಕೈ ಒಂದು ಗಳಿಗೆ ನಿಲ್ಲುತ್ತದೆ.

ಎಷ್ಟೋ ತಿಂಗಳಿಂದ ಮಗ ಅಂಗಡಿಯೊಳಗೆ ಕಾಲಿಟ್ಟಿರಲಿಲ್ಲ. ಕಾಲೇಜಿಗೆ ಹೋದರೆ ಹೋದ, ಬಿಟ್ಟರೆ ಬಿಟ್ಟ. ಚೆಂಡಾಟ ನಿಲ್ಲಿಸಿದ. ಗೆಳೆಯರು ಬಾಗಿಲಿಗೆ ಬಂದರೆ ಮನೆಯಲ್ಲಿಲ್ಲ ಎಂದು ಹೇಳಿಸಿದ. ರಾತ್ರಿಯೆಲ್ಲ ಹೊರಳಾಟ, ಹಗಲೆಲ್ಲ ಹಾಸಿಗೆ. ಕೂದಲು ಹೆಗಲಿಗಿಳಿದು ಸಿಕ್ಕುಗಟ್ಟಿತ್ತು. ದಿನವೂ ಅಪ್ಪನ ಊಟದ ಡಬ್ಬಿ ತರುತ್ತಿದ್ದವನು, ಇದೆಲ್ಲ ಶುರುವಾದ ಹೊಸದರಲ್ಲಿ ಒಂದು ಮಧ್ಯಾಹ್ನ ಒಳಗೂ ಬರದೆ ಅದನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋಗಿದ್ದ. ಅಂದು ಸಂಜೆ ಮಾವ ಮನೆಯಲ್ಲಿ ಕೂಗಾಡಿದ.

"ನಾಲ್ಕು ಹೆಜ್ಜೆ ಒಳಗೆ ಬಂದಿದ್ರೆ ಕಾಲು ಸವೀತಿತ್ತಾ? ನಾಯಿ ಮೂಸಿದ್ರೆ ಯಾರು ತಿನ್ನೋದು?"

ಮಗ ಎದ್ದು ಕೋಣೆಯ ಬಾಗಿಲು ಹಾಕಿಕೊಂಡ. ಅಂದಿನಿಂದ ಡಬ್ಬಿ ತರುವುದೂ ನಿಂತಿತು.

ಮಾವನ ಹೆಂಡತಿ ಕಾರ್ಖಾನೆಯೊಂದರಲ್ಲಿ ಬಾಟಲಿಗಳಿಗೆ ಲೇಬಲ್ ಅಂಟಿಸುವವಳು. ಪಾಳಿ ಮುಗಿಸಿ ಬಂದವಳೇ ಮೊದಲು ಮಗನ ಕೋಣೆ ಇಣುಕುತ್ತಿದ್ದಳು.

"ರೀ, ಡಾಕ್ಟರಿಗೆ ತೋರಿಸೋಣ."

"ಏನಂತ ತೋರಿಸ್ತೀಯ? ಜ್ವರ ಇಲ್ಲ, ಕೆಮ್ಮಿಲ್ಲ. ಕೊಬ್ಬು ಜಾಸ್ತಿಯಾಗಿದೆ ಅಂತಾನಾ?"

"ಮನಸ್ಸಿಗೆ ಏನೋ ಆಗಿದೆ ಅವನಿಗೆ. ಹೆತ್ತ ಹೊಟ್ಟೆಗೆ ಗೊತ್ತಾಗಲ್ವಾ?"

"ಬಿಡ್ತು ಅನ್ನು. ಮನಸ್ಸಿನ ಡಾಕ್ಟರ ಮೆಟ್ಟಿಲು ಹತ್ತಿದ್ರೆ ಹುಚ್ಚ ಅನ್ನೋ ಹೆಸರು ಅಂಟುತ್ತೆ. ಅದನ್ನ ಯಾವ ಕತ್ತರೀಲಿ ಕತ್ತರಿಸ್ಲಿ?"

ಹಾಗಂದನೇನೋ ನಿಜ. ಆದರೆ ಆ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ಅವನ ಕಾಲು ತಡೆಯುತ್ತಿತ್ತು. ದಿನವಿಡೀ ಕಂಡವರ ತಲೆ ಸವರುವ ಕೈ, ಮಗನ ತಲೆ ಮುಟ್ಟಲು ಹೆದರುತ್ತಿತ್ತು.

ಆರೋಗ್ಯ ಕೇಂದ್ರದ ಸಿಸ್ಟರಮ್ಮ ತಮ್ಮ ವಯಸ್ಸಾದ ಅಪ್ಪನನ್ನು ಗಡ್ಡ ತೆಗೆಸಲು ಕರೆತರುತ್ತಿದ್ದರು. ಮುದುಕರಿಗೆ ಕೈ ನಡುಕ, ಬಾಯಿ ಮಾತ್ರ ಗಟ್ಟಿ. ಅಂದು ಬೆಂಚಿನ ಮೇಲೆ ಬೇರೆ ಯಾರೂ ಇರಲಿಲ್ಲ.

"ಮಗ ಕಾಣಲ್ವಲ್ಲ ಮಾವ?"

"ಪರೀಕ್ಷೆ, ಸಿಸ್ಟರಮ್ಮ. ಓದ್ತಿದಾನೆ."

"ಹೋದ ಸಲನೂ ಪರೀಕ್ಷೆ ಅಂದ್ರಿ. ಅದೇನು ಮುಗಿಯದ ಪರೀಕ್ಷೆ?" ಅವರು ದನಿ ತಗ್ಗಿಸಿದರು. "ನಿದ್ದೆ ಮಾಡ್ತಾನಾ? ಊಟ ಸೇರುತ್ತಾ? ಮೊದಲು ಇಷ್ಟಪಟ್ಟು ಮಾಡ್ತಿದ್ದದ್ದನ್ನ ಈಗಲೂ ಮಾಡ್ತಾನಾ?"

ಮಾವನ ಕೈಯಲ್ಲಿದ್ದ ಕತ್ತಿ ಗಾಳಿಯಲ್ಲೇ ನಿಂತಿತು.

"ಏನಯ್ಯಾ, ಸೋಪು ಹಚ್ಚಿ ನಿಂತುಬಿಟ್ಟೆ? ಮುಖ ಒಣಗಿ ಗೋಡೆ ಸುಣ್ಣ ಆಗ್ತಿದೆ!" ಎಂದರು ಮುದುಕರು.

ಮಾವನಿಗೆ ನಗು ಬರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟ.

"ಸೋಮಾರಿತನ ಅಲ್ವಾ ಸಿಸ್ಟರಮ್ಮ ಇದು?"

"ಸೋಮಾರಿಗೆ ನಿದ್ದೆ ಬರುತ್ತೆ ಮಾವ, ಆಟಾನೂ ಬೇಕಾಗುತ್ತೆ. ನೀವು ಹೇಳೋದು ಕೇಳಿದ್ರೆ ಖಿನ್ನತೆ ಇರಬಹುದು ಅನ್ಸುತ್ತೆ. ಡಾಕ್ಟರೇ ನೋಡಿ ಹೇಳಬೇಕು. ಅದು ಕಾಯಿಲೆ. ಕೊಬ್ಬೂ ಅಲ್ಲ, ಹುಚ್ಚೂ ಅಲ್ಲ, ನೀವು ಬೆಳೆಸಿದ್ದರ ತಪ್ಪೂ ಅಲ್ಲ. ಕೂತು ಮಾತಾಡಿಸೋ ಚಿಕಿತ್ಸೆ ಇದೆ, ಬೇಕಾದ್ರೆ ಮಾತ್ರೆ ಇದೆ. ನಮ್ಮಲ್ಲಿಗೆ ಎಷ್ಟು ಜನ ಇದೇ ವಯಸ್ಸಿನವರು ಬರ್ತಾರೆ ಗೊತ್ತಾ? ಅರ್ಧ ಜನ ಮುಖ ಮುಚ್ಕೊಂಡು ಬರ್ತಾರೆ, ಅದೇ ಸಂಕಟ."

"ನನ್ನ ಹತ್ರ ಬಾಯೇ ಬಿಡಲ್ಲ ಅವನು."

"ಈ ಕುರ್ಚೀಲಿ ಕೂತವರೆಲ್ಲ ಮನೆ ಕಥೆ ಹೇಳ್ಕೋತಾರಲ್ಲ, ಅವರಿಗೆ ಏನು ಮಾಡ್ತೀರಿ?"

"ನಾನೇನು ಮಾಡ್ತೀನಿ? ಹಿಂದೆ ನಿಂತಿರ್ತೀನಿ. ಅವರು ಕನ್ನಡಿ ನೋಡ್ಕೊಂಡು ಹೇಳ್ತಾರೆ, ನಾನು ಹೂಂ ಅಂತೀನಿ."

"ಬುದ್ಧಿ ಹೇಳ್ತೀರಾ?"

"ಗಿರಾಕಿಗೆ ಬುದ್ಧಿ ಹೇಳಿದ್ರೆ ಅಂಗಡಿ ನಡೆಯುತ್ತಾ?"

"ಮಗನಿಗೂ ಅಷ್ಟೇ ಮಾಡಿ. ಇನ್ನೊಂದು ಮಾತು. ಸಾಯಬೇಕು ಅನ್ಸುತ್ತಾ ಅಂತ ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗಲ್ಲ. ಒಳಗೆ ಇದ್ದದ್ದು ಹೊರಗೆ ಬರುತ್ತೆ."

ಮಾವ ಕತ್ತಿಯನ್ನು ಒರೆಸಿದ. ಆ ಪ್ರಶ್ನೆ ಕೇಳುವುದಕ್ಕಿಂತ ಸ್ವಂತ ಬೆರಳು ಕುಯ್ದುಕೊಳ್ಳುವುದೇ ಸುಲಭ ಅನ್ನಿಸಿತು.

ಅಂಗಡಿಗೆ ರಜೆ ಇದ್ದ ದಿನ ಅವನು ಮಗನ ಕೋಣೆಯ ಬಾಗಿಲಲ್ಲಿ ನಿಂತ.

"ಕತ್ತರಿಸಲ್ಲ ಮರಿ. ಸಿಕ್ಕು ಬಿಡಿಸ್ತೀನಿ ಅಷ್ಟೇ. ಅಂಗಡಿಗೆ ಬಾ, ಶಟರ್ ಅರ್ಧ ಎಳೆದಿರ್ತೀನಿ, ಯಾರೂ ಬರಲ್ಲ."

ಮಗ ಹೊದಿಕೆ ಸರಿಸಿದ. ಆಮೇಲೆ ಎದ್ದು ಚಪ್ಪಲಿ ಹುಡುಕಿದ.

ಸಿಕ್ಕು ಬಿಡಿಸುವವನು ತುದಿಯಿಂದ ಶುರು ಮಾಡಬೇಕು. ಬುಡದಿಂದ ಎಳೆದರೆ ಕೂದಲೂ ಕೀಳುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ಮಾವ ತುದಿಯಿಂದಲೇ ಬಂದ. ಎಷ್ಟೋ ದಿನದ ಮೇಲೆ ಆ ತಲೆ ಅವನ ಅಂಗೈಗೆ ತಾಗಿತ್ತು. ನೆತ್ತಿಯ ಸುಳಿ ಹಲಗೆಯ ಕಾಲದಲ್ಲಿ ಇದ್ದ ಹಾಗೆಯೇ ಇತ್ತು. 'ನಿನ್ನ ವಯಸ್ಸಲ್ಲಿ ನಾನು' ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ.

ಕೊನೆಗೆ ಮಗ ಕನ್ನಡಿಗೆ ಹೇಳಿದ: "ಅವತ್ತು ನೀನೂ ನಕ್ಕೆ, ಅಪ್ಪ."

"ಹೂಂ?"

"ಟೈಲರ್ ಮಗಳು ಮನಸ್ಸಿನ ಡಾಕ್ಟರ್ ಹತ್ರ ಹೋಗ್ತಾಳೆ ಅಂತ ಸಾಹುಕಾರ್ರು ಅವಳ ಹಾಗೆ ನಟನೆ ಮಾಡಿ ತೋರಿಸಿದ್ರು. ಬೆಂಚಲ್ಲಿದ್ದವರೆಲ್ಲ ನಕ್ರು. ನೀನೂ ನಕ್ಕೆ. ನಾನು ಡಬ್ಬಿ ಹಿಡ್ಕೊಂಡು ಮೆಟ್ಟಿಲ ಮೇಲಿದ್ದೆ. ನನಗೂ ಏನೋ ಆಗ್ತಿದೆ, ಡಾಕ್ಟರ್ ಹತ್ರ ಕರ್ಕೊಂಡು ಹೋಗು ಅಂತ ಹೇಳೋಕೆ ಅವತ್ತು ಧೈರ್ಯ ಮಾಡ್ಕೊಂಡು ಬಂದಿದ್ದೆ."

ಮಾವನಿಗೆ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಕಿರಾಣಿ ಸಾಹುಕಾರರ ಮುಖದ ತುಂಬ ಸೋಪಿತ್ತು, ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಗಿರಾಕಿ ನಕ್ಕರೆ ನಗುವುದು ಅವನಿಗೆ ಕೆಲಸದ ಜೊತೆ ಕಲಿತ ಅಭ್ಯಾಸ. ಆ ನಗು ಯಾರ ಎದೆಗೆ ಚುಚ್ಚಿತೆಂದು ತಿರುಗಿ ನೋಡಿರಲಿಲ್ಲ.

ಬಾಚಣಿಗೆ ಕೆಳಗಿಟ್ಟು ಎರಡೂ ಕೈ ಮಗನ ತಲೆಯ ಮೇಲಿಟ್ಟ.

"ಸಾಯಬೇಕು ಅಂತ ಅನ್ಸಿದೆಯಾ, ಮರಿ?"

"ಒಂದೊಂದು ಸಲ. ಏನೂ ಮಾಡ್ಕೊಂಡಿಲ್ಲ." ಮಗ ಕನ್ನಡಿಯಲ್ಲಿ ಅಪ್ಪನ ಕಣ್ಣು ಹುಡುಕಿದ. "ಆದ್ರೆ ಭಯ ಆಗುತ್ತೆ ಅಪ್ಪ."

"ಹೇಳಿದ್ಯಲ್ಲ, ಸಾಕು. ಇನ್ನು ಭಯ ನಿನ್ನೊಬ್ಬನದಲ್ಲ."

ಅಲ್ಲಿಂದಲೇ ಸಿಸ್ಟರಮ್ಮನಿಗೆ ಫೋನು ಮಾಡಿದ. ಆ ರಾತ್ರಿ ಅಪ್ಪ ಅಮ್ಮ ಇಬ್ಬರೂ ಮಗನ ಕೋಣೆಯಲ್ಲೇ ಚಾಪೆ ಹಾಸಿದರು. ಮರುದಿನ ಅಂಗಡಿ ತೆರೆಯಲಿಲ್ಲ. ಡಾಕ್ಟರ ಕೋಣೆಯ ಹೊರಗೆ ಮಾವ ತಲೆ ತಗ್ಗಿಸದೆ ಕೂತ.

ಅದರ ಮರುದಿನ ಸಾಹುಕಾರರು ಗಡ್ಡಕ್ಕೆ ಬಂದರು. ಬೆಂಚು ತುಂಬಿತ್ತು.

"ಏನಯ್ಯಾ ಮಾವ, ನಿನ್ನೆ ಬಾಗಿಲು ಹಾಕಿದ್ದೆ? ಹೆಣ್ಣು ನೋಡೋಕೆ ಹೋಗಿದ್ಯಾ, ಈ ವಯಸ್ಸಲ್ಲಿ?"

"ಮಗನನ್ನ ಮನಸ್ಸಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ, ಸಾಹುಕಾರ್ರೇ."

ಸಾಹುಕಾರರ ತುಟಿ ಅರಳತೊಡಗಿತು.

"ನಗಬೇಡಿ," ಎಂದ ಮಾವ ಮೆಲ್ಲಗೆ. "ಕೆನ್ನೆ ಮೇಲೆ ಕತ್ತಿ ಇದೆ."

ಯಾರೂ ನಗಲಿಲ್ಲ. ಗಡ್ಡ ಮುಗಿಸಿ ಮೆಟ್ಟಿಲಿಳಿದ ಸಾಹುಕಾರರು, ಏನೋ ಮರೆತವರ ಹಾಗೆ ತಿರುಗಿ ಬಂದು ಮಾವನ ಕಿವಿಯ ಹತ್ತಿರ ಕೇಳಿದರು: "ಆ ಡಾಕ್ಟರು ವಯಸ್ಸಾದವರನ್ನೂ ನೋಡ್ತಾರಾ?"

"ನೋಡ್ತಾರೆ," ಎಂದ ಮಾವ. ಬೇರೇನೂ ಕೇಳಲಿಲ್ಲ.

ಚಿಕಿತ್ಸೆ ಶುರುವಾಯಿತು, ಆದರೆ ಮಗ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಒಂದು ದಿನ ಎದ್ದು ಓಡಾಡಿದರೆ ಇನ್ನೊಂದು ದಿನ ಹಾಸಿಗೆ ಬಿಡುವುದಿಲ್ಲ. ಕೂದಲು ಇನ್ನೂ ಉದ್ದವೇ ಇದೆ. ಕತ್ತರಿಸು ಅಂತ ಅವನೂ ಅಂದಿಲ್ಲ, ಕತ್ತರಿಸಲಾ ಅಂತ ಅಪ್ಪನೂ ಕೇಳಿಲ್ಲ. ಮಧ್ಯಾಹ್ನವಾದರೆ ಮಾವ ಕತ್ತರಿ ಆಡಿಸುತ್ತಲೇ ಬಾಗಿಲು ನೋಡುತ್ತಿದ್ದ. ಮೆಟ್ಟಿಲು ಖಾಲಿ ಇರುತ್ತಿತ್ತು.

ನಿನ್ನೆ ಮಧ್ಯಾಹ್ನ ಬಾಗಿಲಿಗೆ ನೆರಳು ಬಿತ್ತು. ಮಗ ಮೆಟ್ಟಿಲು ದಾಟಿ, ಬೆಂಚಿನ ಮೇಲಿದ್ದವರ ಕಾಲು ತಪ್ಪಿಸಿಕೊಂಡು ಒಳಗೆ ಬಂದು, ಊಟದ ಡಬ್ಬಿಯನ್ನು ಅಪ್ಪನ ಕೈಗೇ ಕೊಟ್ಟ.

"ಬಿಸಿ ಇದೆ," ಅಂದ.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಮಾತು ಮರೆತ ಮಗನೋ ಮಗಳೋ ಇರಬಹುದು. ವಾರಗಟ್ಟಲೆ ನಿದ್ದೆ, ಊಟ, ಆಟ, ಗೆಳೆತನ ದೂರವಾಗಿದ್ದರೆ ಬೈಯಬೇಡಿ. ಪಕ್ಕದಲ್ಲಿ ಕೂತು ಕೇಳಿ, ಹೂಂ ಅನ್ನಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಜೊತೆಯಲ್ಲಿ ಹೋಗಿ. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಸಹಾಯ ಕೇಳಿ. ಮಕ್ಕಳೇ, ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ, ಕೇಳುವವರು ಸಿಗುವ ತನಕ ಹೇಳಿ. ಇನ್ನು, ಬೇರೆಯವರ ಮನಸ್ಸಿನ ನೋವು ನೋಡಿ ನಾಲ್ಕು ಜನ ನಗುವಾಗ, ನಿಮ್ಮ ನಗುವನ್ನು ಒಂದು ಗಳಿಗೆ ತಡೆಯಿರಿ. ನಿಮ್ಮ ಮಗುವೇ ಮೆಟ್ಟಿಲ ಮೇಲೆ ನಿಂತಿರಬಹುದು.