ಯಾವ ನೀರು?

ಅಂಗಿಗಳಿಗೆ ಗುಂಡಿಯ ಕಾಜಾ ಹಾಕುತ್ತ ಓಣಿಗೆಲ್ಲ ‘ಕಾಜಾ ಅತ್ತೆ’ಯಾದವಳ ಎಡಗಣ್ಣಿನ ಪೊರೆ ತೆಗೆಯುವಾಗ, ಕಣ್ಣೊಳಗೆ ಹರಿಸಬೇಕಾದ ಲವಣದ ದ್ರಾವಣದ ಬದಲು ಉಪಕರಣ ತೊಳೆಯುವ ಬರಿ ನೀರಿನ ಬಾಟಲಿ ತೂಗುಹಾಕಿದ್ದರು. ಕಣ್ಣು ಹೋಯಿತು. ಜೊತೆಗೆ ಸೂಜಿಯ ಕೆಲಸವೂ ಹೋಯಿತು. ವಯಸ್ಸಿನ ದೋಷ ಎಂದು ಹೇಳಿ ಮನೆಗೆ ಕಳಿಸಿದರು.

ಮಗಳು ಈಗ ತೀರಿಕೊಂಡ ತಾಯಿಯ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಬಲಗಣ್ಣು ಮುಚ್ಚಿತ್ತು. ಎಡಗಣ್ಣಿನ ರೆಪ್ಪೆ ಅರ್ಧಕ್ಕೇ ನಿಂತು, ಒಳಗೆ ಮಬ್ಬುಗಾಜಿನಂಥ ಬಿಳುಪು ಕಾಣುತ್ತಿತ್ತು.

“ಎಂಥ ಕೈ ಅದು!” ಹೊಲಿಗೆ ಅಂಗಡಿಯವನು ಬಾಗಿಲಲ್ಲೇ ನಿಂತು ಮೂಗೊರೆಸಿಕೊಂಡ. “ಹೊಟ್ಟೆ ಬಂದು ಅಂಗಿ ಹರಿದವರುಂಟು. ಅತ್ತೆ ಹಾಕಿದ ಕಾಜಾ ಹರಿದಿದ್ದು ಮಾತ್ರ ನಾನು ಕಾಣೆ.”

“ಬಾಯೂ ನಿನ್ನ ಕತ್ತರಿಗಿಂತ ಹರಿತಾನೇ ಇತ್ತು ಬಿಡು,” ಎಂದ ಸೋದರಮಾವ. ಅಳುತ್ತಿದ್ದವರೂ ನಕ್ಕರು. ಮಾವ ಮಗಳ ಕಿವಿಯ ಹತ್ತಿರ ಬಗ್ಗಿದ. “ಕಣ್ಣಿನ ಡಾಕ್ಟರು ಬರ್ತಿದಾರಂತೆ. ದೊಡ್ಡ ಮನುಷ್ಯರು. ಇವತ್ತೊಂದಿನ ಏನೂ ಕೇಳ್ಬೇಡ ತಾಯಿ.”

“ಅಮ್ಮ ಕೇಳ್ತಿದ್ದಿದ್ದನ್ನೇ ಕೇಳ್ತೀನಿ ಮಾವ. ಅವಳ ಎದುರಿಗೆ ಹೇಳೋಕೆ ಅವರಿಗೂ ಇನ್ನೊಂದು ದಿನ ಎಲ್ಲಿದೆ?”

*

ಪಟ್ಟಿ ಬಿಚ್ಚಿದ ದಿನ ತಾಯಿ ಅಳಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಬಳಿ ನರ್ಸೊಬ್ಬಳು ಪಿಸುಗುಟ್ಟಿದ್ದಳು: ಬಾಟಲಿ ಅದಲುಬದಲಾಗಿತ್ತು, ಉಪ್ಪಿನಂಶವಿಲ್ಲದ ನೀರು ಒಳಗೆ ಹೋದರೆ ಕಣ್ಣಿನ ಮುಂದಿನ ಪದರ ಊದಿಕೊಂಡು ಬೆಳ್ಳಗಾಗುತ್ತದೆ.

ಮನೆಗೆ ಬಂದವಳೇ ಎರಡು ಲೋಟ ಇಟ್ಟಳು. ಒಂದರಲ್ಲಿ ಬರಿ ನೀರು, ಇನ್ನೊಂದರಲ್ಲಿ ಕಡು ಉಪ್ಪುನೀರು. ಎರಡಕ್ಕೂ ಒಣದ್ರಾಕ್ಷಿ ಹಾಕಿದಳು. ಬೆಳಿಗ್ಗೆ ಉಳಿದ ಕಣ್ಣನ್ನು ಲೋಟಕ್ಕೇ ಅಂಟಿಸಿ ನೋಡಿದಳು.

“ಬಾರೇ ಇಲ್ಲಿ! ಬರಿ ನೀರಿನದು ಹೆಂಗೆ ಉಬ್ಬಿದೆ ನೋಡು, ನಿನ್ನ ಸೋದರಮಾವನ ಹೊಟ್ಟೆ ಥರ!”

ಯಾರದೋ ಅಂಗಿಯ ಕೆಟ್ಟ ಹೊಲಿಗೆಯನ್ನು ಬಿಚ್ಚಿ ನೋಡುವಂತೆ ತನಗಾದದ್ದನ್ನು ನೋಡುತ್ತಿದ್ದಳು. ಆಮೇಲೆ ಪ್ರತಿ ತಪಾಸಣೆಗೂ ಅದೇ ಪ್ರಶ್ನೆ: “ಯಾವ ನೀರು ಹಾಕಿದ್ರಿ ಸ್ವಾಮಿ?” ಡಾಕ್ಟರ ಉತ್ತರವೂ ಅದೇ: “ವಯಸ್ಸಾಯ್ತಲ್ಲಮ್ಮ.”

*

ಡಾಕ್ಟರು ಬಂದರು. ತಲೆ ಬಾಗಿಸಿದವರು, ಮುಖ ಕಂಡೊಡನೆ ಸರಕ್ಕನೆ ಕಿಟಕಿಯತ್ತ ತಿರುಗಿದರು.

“ಆ ರೆಪ್ಪೆ ಮುಚ್ಚಿಬಿಡಮ್ಮ.”

“ಯಾವ ನೀರು ಹಾಕಿದ್ರಿ?” ಎಂದಳು ಮಗಳು.

ಅಂಗಡಿಯವನು ಮೂಗೆಳೆಯುವುದನ್ನೂ ನಿಲ್ಲಿಸಿದ.

“ಹಳೇ ಮಾತೆಲ್ಲ ಈಗ್ಯಾಕೆ? ಮೊದಲು ಮುಚ್ಚು.”

“ಮುಚ್ಚೇ,” ಎಂದ ಮಾವ. “ಹೊರಗೆ ಸ್ಮಶಾನದ ಗಾಡಿ ಕಾಯ್ತಿದೆ.”

“ಕಾಯಲಿ. ನಾನು ಮುಚ್ಚಲ್ಲ.”

ಮಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬಿಳಿಯ ಕಣ್ಣು ಡಾಕ್ಟರ ಕಡೆಗೇ ತೆರೆದಿತ್ತು.