ಹಾಳೆಯಾಚೆಯ ಗಲ್ಲ

ತೋಳಿಗಂಟಿದ ಹತ್ತಿಯೆಳೆ, ಕೊಡವಿದರೂ ಹೋಗದು, ಬೆಳಗಿನ ಪರೀಕ್ಷೆಯದೇ ಇರಬೇಕು, ಎದುರಿನ ಕುರ್ಚಿಯಲ್ಲಿ ಮಗುವಿನ ತಾಯಿ, ಪಕ್ಕದಲ್ಲಿ ಅಜ್ಜಿ, ಹಿರಿಯ ಡಾಕ್ಟರು ಇವಳತ್ತ ನೋಡಿದರು, ನೀನೇ ಹೇಳಮ್ಮ, ಮುಟ್ಟಿ ನೋಡಿದವಳು ನೀನು — ಫಿಸಿಯೋಥೆರಪಿ ಓದುವಾಗ ನರಗಳ ಹೆಸರು ಬಾಯಿಪಾಠ ಮಾಡಿಸಿದರು, ಕೊಟ್ಟ ಆಸೆಯನ್ನು ವಾಪಸು ಕೇಳುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. ಏಳು ವಾರದ ಹಿಂದೆ ಜಾರುಬಂಡೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಹುಡುಗಿ, ಎಂಟು ವರ್ಷ, ಹೋದ ವಾರ ಕಾಲು ಕಾಣದಂತೆ ಎದೆಯ ಮೇಲೆ ಬಟ್ಟೆ ಅಡ್ಡ ಹಿಡಿದು ಹತ್ತಿ ಸೋಕಿಸಿದಾಗೆಲ್ಲ ಹೂಂ ಅಂದಿತ್ತು, ಹತ್ತಕ್ಕೆ ಹತ್ತು, ಇವಳು ಕುಣಿದಾಡುವುದೊಂದು ಬಾಕಿ, ಮಗುವಿಗೆ ಎಲ್ಲ ಗೊತ್ತಾಗ್ತಿದೆ ಅಮ್ಮಾ ಅಂತ ತಾಯಿಗೆ ಅಂದೂ ಬಿಟ್ಟಿದ್ದಳು — ಕಾಲ ಬಳಿ ನಿಂತ ತಾಯಿಯ ಗಲ್ಲವನ್ನು ನೋಡಿರಲಿಲ್ಲ, ಹತ್ತಿ ಸೋಕಿದೊಡನೆ ತಾನೇ ಉತ್ತರ ಹೇಳುವಂತೆ ಕೆಳಗಿಳಿಯುತ್ತಿದ್ದ ಗಲ್ಲ, ಬಟ್ಟೆಯ ಮೇಲಿಂದ ಮಗು ಓದುತ್ತಿದ್ದುದು ಅದನ್ನೇ. ಇವತ್ತು ಬೆಳಗ್ಗೆ ತಾಯಿ ಔಷಧಿ ತರಲು ಹೋಗಿದ್ದಳು, ಮಗು ಹೂಂ ಅನ್ನಲಿಲ್ಲ, ಮಂಡಿಗೆ ಇಲ್ಲ, ಪಾದಕ್ಕೆ ಇಲ್ಲ, ಅವತ್ತು ಹೇಗೆ ಹೇಳಿದೆ ಅಂದರೆ, ಅಮ್ಮನ ಗಲ್ಲ ನೋಡಿ ಅಕ್ಕಾ, ಆಮೇಲೆ ಎಡಗಾಲಿನ ಕಿರುಬೆರಳು — ಅಲ್ಲಿ ಏನೋ ಇದೆ ಅಕ್ಕಾ. ಸುಮ್ಮನೆ ಮುಟ್ಟದೆಯೂ ಕೇಳಿದಳು, ಈಗ ಇಲ್ಲ, ಮತ್ತೆ ಮುಟ್ಟಿದಳು, ಈಗ ಇದೆ, ಮೂರು ಸಲವೂ ಸರಿ. ಈಗ ಅದನ್ನೆಲ್ಲ ತಾಯಿಗೆ ಹೇಳಿದಳು, ತಡವರಿಸುತ್ತ, ಗಲ್ಲದ ವಿಷಯವನ್ನೂ, ನಿಮ್ಮ ತಪ್ಪಲ್ಲ, ನಿಮ್ಮನ್ನ ಅಲ್ಲಿ ನಿಲ್ಲಿಸಿದ್ದು ನಾನು. ತಾಯಿ ಗಲ್ಲ ಮುಟ್ಟಿಕೊಂಡಳು, ಕಳ್ಳನನ್ನು ಹಿಡಿದ ಹಾಗೆ. ಹಾಗಾದ್ರೆ ನಡೀತಾಳಾ ಇಲ್ವಾ? ಡಾಕ್ಟರು, ಈಗ್ಲೇ ಹೌದು ಅಂದ್ರೂ ಸುಳ್ಳು, ಇಲ್ಲ ಅಂದ್ರೂ ಸುಳ್ಳು, ಆದ್ರೆ ಅಷ್ಟು ಕೆಳಗಿನ ಬೆರಳಿನ ಸುದ್ದಿ ಮೇಲೆ ತಲುಪ್ತಿದೆ, ದಾರಿ ಪೂರ್ತಿ ಮುಚ್ಚಿಲ್ಲ, ತಿಂಗಳುಗಟ್ಟಲೆ ಕೆಲಸ ಇದೆ. ಅಜ್ಜಿ ಮೂಗೊರೆಸಿಕೊಂಡಳು, ಹುಟ್ಟೋಕೇ ಎರಡು ವಾರ ಸತಾಯಿಸಿದವಳು, ನಡೆಯೋಕೆ ನಮ್ಮನ್ನ ಕೇಳಿ ಹೊರಡ್ತಾಳಾ. ಯಾರೋ ನಕ್ಕರು, ಇವಳೇ ಇರಬೇಕು. ನಾನು ನೋಡ್ಬೇಕು, ತಾಯಿ ಎದ್ದಾಗಿತ್ತು, ಕಾರಿಡಾರು, ಫಿನಾಯಿಲಿನ ವಾಸನೆ, ಮತ್ತದೇ ಮಂಚ, ಮತ್ತದೇ ಬಟ್ಟೆ, ತಾಯಿ ಮತ್ತದೇ ಜಾಗಕ್ಕೆ ಹೋಗಿ ನಿಂತಳು, ಅಯ್ಯೋ ಅಲ್ಲಿ ಬೇಡ ಅನ್ನಬೇಕು — ಅಷ್ಟರಲ್ಲಿ ಆಕೆ ಆಸ್ಪತ್ರೆಯ ಫೈಲನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿನವರೆಗೆ ಹಿಡಿದಳು, ಮೇಲೆ ಕಣ್ಣು ಮಾತ್ರ, ಅದನ್ನೂ ಮುಚ್ಚಿದಳು. ಹತ್ತಿ ಇಳಿಯಿತು. ಒಂದು ಉಸಿರು, ಎರಡು, ಆಮೇಲೆ ಬಟ್ಟೆಯಾಚೆಯಿಂದ, ಕಿರುಬೆರಳು ಅಕ್ಕಾ, ಎಡಗಡೆ — ಫೈಲು ಇಳಿಯುತ್ತಿಲ್ಲ, ಅದರ ಹಿಂದೆ ಆ ಗಲ್ಲ, ಕಾಣದ ಗಲ್ಲ —