ಹಳೇ ಬಾಗಿಲಿನ ಧೂಳು

ನಮ್ಮ ಚಿನ್ನಿಗೆ ಹೊಟ್ಟೆನೋವು ಶುರುವಾದಾಗ ಅವಳಿಗಿನ್ನೂ ಮೂರು ತುಂಬಿರಲಿಲ್ಲ. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದಳು. ಮನೆಯೆಲ್ಲ ಓಡಾಡುತ್ತಿದ್ದ ಮಗು ಗೋಡೆಗೊರಗಿ ಕೂತು ಸುಮ್ಮಸುಮ್ಮನೆ ರಗಳೆ ಮಾಡುತ್ತಿತ್ತು. ಬೀದಿಯಲ್ಲಿ ಸಲಹೆಗೇನು ಬರ? ಒಬ್ಬರು ಹಲ್ಲು ಬರುತ್ತಿದೆ ಎಂದರು, ಇನ್ನೊಬ್ಬರು ಜಂತುಹುಳು ಎಂದರು. ಎದುರುಮನೆ ಅಜ್ಜಿಯಂತೂ ನನ್ನನ್ನೇ ನೋಡುತ್ತ, "ಮುದ್ದು ಜಾಸ್ತಿಯಾಗಿದೆ, ಅಷ್ಟೇ" ಎಂದರು. ಹುಳುವಿನ ಔಷಧಿ ಕುಡಿಸಿದ್ದಾಯಿತು, ಹಲ್ಲೂ ಬಂದಾಯಿತು. ನೋವು ಮಾತ್ರ ಹೋಗಲಿಲ್ಲ.

ನಮ್ಮದು ಬಡಗಿಗಳ ಮನೆ. ಕೆಡವಿದ ಮನೆಗಳಿಂದ ಹಳೇ ಬಾಗಿಲು, ಕಿಟಕಿ, ಕುರ್ಚಿ ತಂದು, ಹೊಸದರಂತೆ ಮಾಡಿ ಕೊಡುವುದು ಮಾವನ ಕೆಲಸ. ನನ್ನ ಗಂಡನೂ ಅವರ ಜೊತೆಗೇ. ಮುಂದಿನ ಕೋಣೆ ಕಾರ್ಖಾನೆ, ಹಿಂದಿನದು ಅಡುಗೆಮನೆ, ನಡುವೆ ಒಂದು ಪರದೆ.

ಮಾವನ ಕೈಚಳಕ ಊರಿಗೆಲ್ಲ ಗೊತ್ತು. ಹಳೇ ಬಾಗಿಲನ್ನು ಉಪ್ಪುಕಾಗದದಿಂದ ಉಜ್ಜಿದಾಗ ಉದುರುವ ಬಣ್ಣದ ಧೂಳನ್ನು ಅವರು ಎಸೆಯುವವರಲ್ಲ. ಡಬ್ಬದಲ್ಲಿ ತುಂಬಿಟ್ಟು, ಎಣ್ಣೆ ಹಾಕಿ ಕಣಕದಂತೆ ನಾದಿ, ಅದೇ ಬಾಗಿಲಿನ ಬಿರುಕಿಗೆ ಮೆತ್ತುತ್ತಿದ್ದರು. ಬಣ್ಣ ಎಷ್ಟು ಹೊಂದುತ್ತಿತ್ತೆಂದರೆ ತೇಪೆ ಹಾಕಿದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಚಿನ್ನಿ ಅತ್ತರೆ ಅದರಲ್ಲೇ ಒಂದು ಉಂಡೆ ಕೊಟ್ಟು ಕೂರಿಸುತ್ತಿದ್ದರು. ಅವಳು ಅದರಲ್ಲಿ ಹಕ್ಕಿ ಮಾಡುವಳು, ರೊಟ್ಟಿ ತಟ್ಟುವಳು. ಮಿಕ್ಕ ಧೂಳನ್ನು ನಾನು ಗುಡಿಸಿ ಹಿತ್ತಲಿನ ಸೊಪ್ಪಿನ ಪಾತಿಯ ಪಕ್ಕ ಸುರಿಯುತ್ತಿದ್ದೆ.

ಪಕ್ಕದ ಮನೆಯಲ್ಲಿ ಮೈಕಕ್ಕ ಇದ್ದಾರೆ. ಕೆರೆ, ಮರ, ಕಸ ಎಂದು ಸದಾ ಯಾವುದಾದರೊಂದು ಹೋರಾಟದಲ್ಲಿ ಇರುವವರು. ಮೈಕೇ ಬೇಡದ ಗಂಟಲು, ಅದಕ್ಕೇ ಆ ಹೆಸರು. ಭಾನುವಾರ ಸಂಜೆ ಗ್ರಂಥಾಲಯದ ಮೇಲ್ಮಹಡಿಯಲ್ಲಿ ವಿಶ್ವವಿದ್ಯಾಲಯದವರನ್ನೂ ಹೋರಾಟಗಾರರನ್ನೂ ಕೂರಿಸಿ ಜನರ ಜೊತೆ ಮಾತಾಡಿಸುವ ಕೂಟವೊಂದು ನಡೆಯುತ್ತದೆ. ನಮ್ಮ ಬೀದಿಯವರು ಅತ್ತ ತಲೆ ಹಾಕಿದವರಲ್ಲ. ದೊಡ್ಡವರ ದೊಡ್ಡ ಮಾತು, ನಮಗೇಕೆ ಎಂದು ಸುಮ್ಮನಿದ್ದೆವು.

"ಬಾರೇ, ಕುರ್ಚಿ ಇದೆ, ಫ್ಯಾನ್ ಇದೆ. ಒಂದು ಗಂಟೆ ಯಾರೂ ನಿನ್ನನ್ನ ಕರೆಯಲ್ಲ," ಎಂದರು ಮೈಕಕ್ಕ ಒಂದು ದಿನ.

ಆ ಕೊನೆಯ ಮಾತಿಗೆ ಮರುಳಾಗಿ ಹೋದೆ. ಆವತ್ತು ಮಣ್ಣಿನ ವಿಷಯ. ರಸಾಯನಶಾಸ್ತ್ರದ ಮೇಡಂ ಒಬ್ಬರು ಮಾತಾಡುತ್ತಿದ್ದರು. ಹಳೇ ಕಾಲದ ಎಷ್ಟೋ ಬಣ್ಣಗಳಲ್ಲಿ ಸೀಸ ಎಂಬ ಲೋಹ ಇರುತ್ತಿತ್ತಂತೆ. ಬಣ್ಣ ಉದುರಿ ಮಣ್ಣಿಗೆ ಬಿದ್ದರೂ ಸೀಸ ಕರಗಿ ಹೋಗುವುದಿಲ್ಲವಂತೆ. ಧೂಳಿನ ಜೊತೆ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ, ಬಾಯಿಂದ ರಕ್ತಕ್ಕೆ ಹೋಗುತ್ತದಂತೆ. ಹೊಟ್ಟೆನೋವು, ಹಸಿವಿಲ್ಲದಿರುವುದು, ಕಲಿಕೆ ಹಿಂದೆ ಬೀಳುವುದು ಎಲ್ಲ ಅದರಿಂದ ಆಗಬಹುದಂತೆ. ಎಷ್ಟೋ ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ ಎಂದೂ ಅವರು ಹೇಳಿದರು.

ಹೆದರುತ್ತಲೇ ಕೈ ಎತ್ತಿದೆ. "ಮೇಡಂ, ನಮ್ಮ ಮನೇಲಿ ದಿನಾ ಹಳೇ ಬಣ್ಣ ಕೆರೀತಾರೆ. ಮಗೂಗೆ ಹೊಟ್ಟೆನೋವು."

ಸಭೆ ಮುಗಿದ ಮೇಲೆ ಅವರು ಬೇರೆ ಯಾರ ಜೊತೆಯೂ ನಿಲ್ಲದೆ, "ನಡೀರಿ, ನಿಮ್ಮನೆಗೆ ಹೋಗೋಣ" ಎಂದರು.

ಮೈಕಕ್ಕನೂ ಜೊತೆಗೆ ಬಂದರು. ಮನೆಯಲ್ಲಿ ಮಾವ ಎದ್ದು ಕುರ್ಚಿ ಕೊಟ್ಟರು. ವಿಷಯ ಕೇಳಿದ ಮೇಲೆ ಮುಖ ಗಂಟಿಕ್ಕಿದರು.

"ನಮ್ಮಪ್ಪನ ಕಾಲದಿಂದ ಈ ಧೂಳು ಕುಡಿದೇ ಬೆಳೆದವನು ನಾನು. ಗುಂಡುಕಲ್ಲಿನ ಹಾಗಿದ್ದೀನಿ. ಇರಲಿ, ಇಷ್ಟು ಓದಿದ್ದೀರಲ್ಲ, ಈ ಬಾಗಿಲಲ್ಲಿ ಸೀಸ ಇದೆಯೋ ಇಲ್ವೋ, ಹೇಳಿ ನೋಡೋಣ."

"ಗೊತ್ತಿಲ್ಲ," ಎಂದರು ಮೇಡಂ.

"ಗೊತ್ತಿಲ್ವಾ!"

"ಎಲ್ಲ ಹಳೇ ಬಣ್ಣದಲ್ಲೂ ಇರಲ್ಲ ಯಜಮಾನ್ರೆ. ಪರೀಕ್ಷೆ ಮಾಡದೆ ಇದೆ ಅಂದ್ರೂ ಸುಳ್ಳು, ಇಲ್ಲ ಅಂದ್ರೂ ಸುಳ್ಳು."

ಮೈಕಕ್ಕನಿಗೆ ತಡೆಯಲಾಗಲಿಲ್ಲ. "ಗೊತ್ತಿಲ್ಲ ಗೊತ್ತಿಲ್ಲ ಅಂತ ನೀವು ಕೂತಿದ್ರೆ ಮಗು ಬೆಳೆದು ಮದುವೇನೂ ಆಗಿಬಿಡುತ್ತೆ ಮೇಡಂ! ಅಲ್ಲಿವರೆಗೂ ಧೂಳು ತಿಂತಾ ಇರಬೇಕಾ?"

"ಬೇಡ. ಉತ್ತರ ಬರೋವರೆಗೆ ಮಗು ಈ ಕೋಣೆಗೆ ಬರೋದೇ ಬೇಡ. ಅದರಲ್ಲಿ ನೀವು ಹೇಳೋದೇ ಸರಿ," ಎಂದು ಮೇಡಂ ನಕ್ಕರು.

ಮಾವ ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದರು. ಕೆರೆದು ನೋಡದೆ ಮರ ಯಾವುದೆಂದು ಹೇಳುವವರನ್ನು ಕಂಡರೆ ಅವರಿಗೆ ಆಗದು. ಗೊತ್ತಿಲ್ಲ ಎಂದ ಮೇಡಂ ಮೇಲೆ ಅವರಿಗೆ ನಂಬಿಕೆ ಹುಟ್ಟಿದ್ದು ಆಗಲೇ ಇರಬೇಕು. ಅಷ್ಟರಲ್ಲಿ ಚಿನ್ನಿ ಪರದೆ ಸರಿಸಿ ಬಂದು ಮೇಡಂ ಕೈಗೆ ಒಂದು ಹಕ್ಕಿ ಇಟ್ಟಳು.

"ಎಷ್ಟು ಚೆನ್ನಾಗಿದೆ ಪುಟ್ಟಾ! ಯಾವುದರಲ್ಲಿ ಮಾಡಿದ್ದು?"

"ತಾತನ ಹಿಟ್ಟು," ಎಂದಳು ಚಿನ್ನಿ, ಬೆರಳು ಚೀಪುತ್ತ.

ಮಾವ ನಿಧಾನವಾಗಿ ಎದ್ದು, ಅವಳ ಬಾಯಿಂದ ಬೆರಳು ಬಿಡಿಸಿ, ಬಚ್ಚಲಿಗೆ ಎತ್ತಿಕೊಂಡು ಹೋಗಿ ಕೈ ತೊಳೆದರು. ವಾಪಸು ಬಂದವರೇ ಧೂಳಿನ ಡಬ್ಬವನ್ನು ಮೇಡಂ ಮುಂದಿಟ್ಟು, "ತಗೊಂಡು ಹೋಗಿ ಪರೀಕ್ಷೆ ಮಾಡಿ" ಎಂದರು.

ಧೂಳಿನಲ್ಲಿ ಸೀಸ ಇತ್ತು. ಆಸ್ಪತ್ರೆಯಲ್ಲಿ ತೆಗೆದ ಚಿನ್ನಿಯ ರಕ್ತದಲ್ಲೂ ಇತ್ತು, ಇರಬಾರದಷ್ಟು ಇತ್ತು. ಮಾವನಿಗೂ ನನ್ನ ಗಂಡನಿಗೂ ಪರೀಕ್ಷೆಯಾಯಿತು, ಅವರಲ್ಲೂ ಸಿಕ್ಕಿತು. ಆದರೆ ಮಾವ ತಮ್ಮದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಊಟ ಬಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟರು. "ನನ್ನ ಕೈಯಾರೆ ಕೊಟ್ಟೆ ಕಣಮ್ಮ, ಆಟ ಆಡಲಿ ಅಂತ ಕೊಟ್ಟೆ," ಎಂದು ಅತ್ತರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೈಕಕ್ಕ ಬಂದು ಅವರ ಪಕ್ಕದಲ್ಲೇ ಕೂತರು. ಯಾವತ್ತೂ ಇಲ್ಲದಷ್ಟು ಮೆಲ್ಲಗೆ ಕೇಳಿದರು, "ಮೇಸ್ತ್ರಿ, ಇದರಲ್ಲಿ ಸೀಸ ಇದೆ ಅಂತ ನಿಮಗೆ ಯಾವತ್ತಾದ್ರೂ ಯಾರಾದ್ರೂ ಹೇಳಿದ್ರಾ?"

"ಇಲ್ಲ."

"ಮತ್ತೆ? ಗೊತ್ತಿದ್ದೂ ಹೇಳದೆ ಆ ಬಣ್ಣ ಮಾರಿದವರು ತಲೆ ತಗ್ಗಿಸಲಿ. ನೀವು ಎದ್ದು ಊಟ ಮಾಡಿ. ನಾಳೆಯಿಂದ ಕೆಲಸ ಹೇಗೆ ಮಾಡೋದು ಅಂತ ಯೋಚನೆ ಮಾಡೋಣ."

ಯೋಚನೆ ಮಾಡಿದೆವು. ಮೈಕಕ್ಕ ಯಾವ ಕಚೇರಿಯ ಮೆಟ್ಟಿಲು ಹತ್ತಿದರೋ, ಯಾರ ತಲೆ ತಿಂದರೋ, ಬೀದಿಯಾಚೆ ಖಾಲಿ ಬಿದ್ದಿದ್ದ ಶೆಡ್ ಕೆಲಸಕ್ಕೆ ಸಿಕ್ಕಿತು. ಈಗ ಅಲ್ಲಿ ಬಣ್ಣವನ್ನು ನೀರು ಹಾಕಿ ಒದ್ದೆ ಮಾಡಿಯೇ ಉಜ್ಜುತ್ತಾರೆ, ಧೂಳು ಏಳುವುದಿಲ್ಲ. ಬಣ್ಣ ಬಿಡಿಸಲು ಬೆಂಕಿ ಹಿಡಿದು ಸುಡುವುದಂತೂ ಇಲ್ಲವೇ ಇಲ್ಲ. ಮೇಡಂ ತೋರಿಸಿಕೊಟ್ಟ ಮಾಸ್ಕ್ ಹಾಕುತ್ತಾರೆ, ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದಂತೆ. ಉದುರಿದ ಬಣ್ಣ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಪಾಯಕಾರಿ ಕಸದ ಗಾಡಿಗೆ ಹೋಗುತ್ತದೆ. ಮೋರಿಗೂ ಇಲ್ಲ, ಮಣ್ಣಿಗೂ ಇಲ್ಲ. ಸೊಪ್ಪಿನ ಪಾತಿ ಕಿತ್ತು ಹಾಕುವಾಗ ನನಗೆ ಹೊಟ್ಟೆ ಉರಿಯಿತು, ಆದರೂ ಕಿತ್ತೆ. ಕೆಲಸದ ಬಟ್ಟೆ ಬದಲಿಸಿ, ಸ್ನಾನ ಮಾಡಿದ ಮೇಲೆಯೇ ಮಾವ ಮೊಮ್ಮಗಳನ್ನು ಎತ್ತಿಕೊಳ್ಳುವುದು. ನಾನೂ ಒಣ ಕಸಬರಿಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತೇನೆ.

ಚಿನ್ನಿಯ ರಕ್ತದಲ್ಲಿ ಸೀಸ ಇಳಿಯುತ್ತಿದೆ. ಇನ್ನೂ ಪೂರ್ತಿ ಇಳಿದಿಲ್ಲ, ಪರೀಕ್ಷೆ ತಪ್ಪಿಸಬೇಡಿ ಎಂದಿದ್ದಾರೆ ಡಾಕ್ಟರು. ಬೇಳೆ, ಪೇಟೆಯಿಂದ ತಂದ ಸೊಪ್ಪು, ಹಾಲು ತಪ್ಪದೆ ಕೊಡುತ್ತಿದ್ದೇವೆ. ಮೊನ್ನೆ ತಟ್ಟೆ ಖಾಲಿ ಮಾಡಿ, "ಇನ್ನೂ ಬೇಕು" ಎಂದಳು. ಆ ಎರಡು ಮಾತು ಕೇಳಿ ನಾನು ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಂಡೆ. ಆ ಮೇಡಂಗೆ, ನಮ್ಮ ಮೈಕಕ್ಕನಿಗೆ ಏನು ಕೊಟ್ಟರೂ ಋಣ ತೀರುವುದಿಲ್ಲ. ಒಬ್ಬರು ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ ಹುಡುಕಿ ಕೊಟ್ಟರು, ಇನ್ನೊಬ್ಬರು ಗೊತ್ತಾದ ಮೇಲೆ ನಮ್ಮನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ಈಗ ಭಾನುವಾರದ ಕೂಟಕ್ಕೆ ಮಾವ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಕಳೆದ ವಾರ ಅಲ್ಲಿಗೆ ಬಂದಿದ್ದ ಬಣ್ಣ ಬಳಿಯುವವರೊಬ್ಬರು ಕೇಳಿದರು, "ಇದೆಲ್ಲ ಹೆದರಿಸೋ ಮಾತು. ಇಷ್ಟು ವರ್ಷದಿಂದ ಕೆರೀತಿದ್ದೀನಿ, ನನಗೇನೂ ಆಗಿಲ್ವಲ್ಲ?"

ಮೇಡಂ ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಮಾವ ಹಿಂದಕ್ಕೆ ತಿರುಗಿದರು.

"ನನಗೂ ಏನಾದ್ರೂ ಆಗಿದೆ ಅಂತ ಅನ್ನಿಸಿರಲಿಲ್ಲ ಕಣಪ್ಪ. ನಿನ್ನ ಮನೇಲಿ ಮಗು ಇದೆಯಾ?"

ಅವರು ಹೌದೆಂದು ತಲೆಯಾಡಿಸಿದರು.

"ಹಾಗಿದ್ರೆ ನಾಳೆ ಬೆಳಿಗ್ಗೆ ಮಗೂನ ಎತ್ಕೊಂಡು ನನ್ನ ಜೊತೆ ಆಸ್ಪತ್ರೆಗೆ ಬಾ. ನಾನೇ ಕರ್ಕೊಂಡು ಹೋಗ್ತೀನಿ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹಳೇ ಬಣ್ಣ ಕೆರೆಯುವವರು ಇದ್ದಾರೆಯೇ? ಇದ್ದರೆ ಮಕ್ಕಳನ್ನು ಆ ಧೂಳಿನಿಂದ ದೂರವಿಡಿ, ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ನಿಮ್ಮ ಊರಿನಲ್ಲೂ ಓದಿದವರು, ಹೋರಾಡುವವರು ಕೂತು ಮಾತಾಡುವ ಜಾಗ ಇರುತ್ತದೆ. ಅದು ನಮಗಲ್ಲ ಎಂದು ಹೊರಗೇ ನಿಲ್ಲಬೇಡಿ. ಒಳಗೆ ಹೋಗಿ, ಕೂತುಕೊಳ್ಳಿ, ಕೈ ಎತ್ತಿ. ನನಗೂ ಹೆದರಿಕೆಯಿತ್ತು, ಆದರೂ ಕೈ ಎತ್ತಿದ್ದಕ್ಕೆ ಇವತ್ತು ನನ್ನ ಮಗಳು ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ.